ವಿಜಯಪುರ ಸೀಮೆಯ ಸಿಹಿನೀರ ಮೀನು: ಬೇಟೆ, ಸಾಕಣೆ, ಆರೋಗ್ಯ

ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ ಮತ್ತು ನೈರುತ್ಯಕ್ಕಿರುವ ಬಬಲೇಶ್ವರ ತಾಲ್ಲೂಕುಗಳ ಕೆರೆ, ಬಾವಡಿ, ಹಳ್ಳ, ಕೃಷಿಹೊಂಡ ಮತ್ತು ಏತ ನೀರಾವರಿ ಕಾಲುವೆಗಳಲ್ಲಿ ಬದುಕುವ ಮೀನು, ಅವನ್ನು ಹಿಡಿಯುವ ಹಾಗೂ ಸಾಕುವ ಬಗೆ, ಅವಕ್ಕೆ ಬರುವ ರೋಗ ಇವು ಈ ಲೇಖನದ ವಸ್ತು. ಸಿದ್ಧೇಶ್ವರ ಗುಡಿಯ ಸುತ್ತ ಬೆಳೆದ ಈ ಊರನ್ನು ಮೀನಿನ ಊರೆಂದು ಯಾರೂ ಕರೆಯುವುದಿಲ್ಲ. ಜೋಳ, ಕಡಲೆ, ದ್ರಾಕ್ಷಿ, ದಾಳಿಂಬೆಯ ನಾಡು ಇದು; ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಮೀನು ಬೇಯಿಸದ ಕುಟುಂಬಗಳೇ ಇಲ್ಲಿ ಬಹಳ. ಆದರೂ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಸೀಮೆಯಲ್ಲಿ ನೀರು ನಿಲ್ಲುವ ಜಾಗ ಹೆಚ್ಚಿದಷ್ಟು ಅದಕ್ಕಿಂತ ಹಿಂದೆ ಬಹುಕಾಲ ಹೆಚ್ಚಿರಲಿಲ್ಲ. ನೀರು ನಿಂತಲ್ಲಿ ಮೀನು ಬಂದಿದೆ, ಮೀನು ಬಂದಲ್ಲಿ ಮೀನಿನ ಕಾಯಿಲೆಯೂ ಬಂದಿದೆ.

ನೀರಿನ ನೆಲೆಗಳು

ವಿಜಯಪುರವನ್ನು (ಆಗಿನ ಬಿಜಾಪುರ) ಆಳಿದ ಆದಿಲ್‌ಶಾಹಿ ಅರಸರಿಗೆ ನೀರು ನಿಲ್ಲಿಸುವ ಕಲೆ ಚೆನ್ನಾಗಿ ಗೊತ್ತಿತ್ತು. ಚಾಂದ ಬಾವಡಿ 1579ರದು, ತಾಜ ಬಾವಡಿ 1620ರದು, ಬೇಗಂ ತಲಾಬ್ 1651ರದು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯನ್ನು 1633ರ ಸುಮಾರಿಗೆ ಕಟ್ಟಿಸಿದವನು ಮುಹಮ್ಮದ್ ಆದಿಲ್‌ಶಾಹ. ಊರಿನ ಹೆಸರಿನಲ್ಲೂ ಅವನೇ ಇದ್ದಾನೆ. ವಿಜಯಪುರ ನಗರಕ್ಕೆ ಕುಡಿಯುವ ನೀರು ಕೊಡಲು ಬ್ರಿಟಿಷರ ಕಾಲದಲ್ಲಿ ಭೂತನಾಳ ಕೆರೆ ಸೇರಿಕೊಂಡಿತು.

ಇವೆಲ್ಲ ಮಳೆಯನ್ನೇ ನಂಬಿದ ನೀರು. ಮಳೆ ಕೈಕೊಟ್ಟ ವರ್ಷ ಮಮದಾಪುರದ ಕೆರೆಯಂಥ ದೊಡ್ಡ ಕೆರೆಯ ತಳವೂ ಬಿರುಕು ಬಿಡುತ್ತಿತ್ತು. ಹಾಗೆ ಒಣಗುವ ಕೆರೆಯಲ್ಲಿ ಉಳಿಯುವ ಮೀನು ಬೇರೆ, ಸದಾ ನೀರಿರುವ ಕೆರೆಯ ಮೀನು ಬೇರೆ. ಕೆಸರಿನಲ್ಲಿ ಹುದುಗಿ ಗಾಳಿ ಕುಡಿದು ದಿನ ದೂಡಬಲ್ಲ ಮರಳ, ಹಾವುಮೀನು, ನಾಡಮುರುಗೋಡು ಇಂಥವೇ ಒಂದು ಕಾಲಕ್ಕೆ ಇಲ್ಲಿಯ ಕೆರೆಗಳ ಕಾಯಂ ಒಕ್ಕಲು. ಉಳಿದವು ಹಳ್ಳದ ನೆರೆಯ ಜೊತೆ ಬಂದು ಬೇಸಿಗೆಯ ಹೊತ್ತಿಗೆ ತೀರಿಹೋಗುತ್ತಿದ್ದವು.

ಇದನ್ನು ಬದಲಿಸಿದ್ದು ಕೃಷ್ಣೆಯ ನೀರು. ಆಲಮಟ್ಟಿಯ ಲಾಲ್‌ಬಹಾದ್ದೂರ್ ಶಾಸ್ತ್ರಿ ಸಾಗರ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ 123 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದರ ಹಿನ್ನೀರಿನಿಂದ ಮುಳವಾಡ ಏತ ನೀರಾವರಿ, ಇನ್ನೂ ಮೇಲೆ ಜಮಖಂಡಿ ತಾಲ್ಲೂಕಿನ ಕವಟಗಿಯ ಬಳಿ ನದಿಯಿಂದಲೇ ತುಬಚಿ–ಬಬಲೇಶ್ವರ ಏತ ನೀರಾವರಿ ನೀರನ್ನು ಎತ್ತಿ ಎರೆ ನೆಲದ ಮೇಲಕ್ಕೆ ತಂದಿವೆ. ಕಾಲುವೆಯಿಂದ ಕೆರೆ ತುಂಬಿಸುವ ಕೆಲಸ ಆರಂಭವಾದ ಮೇಲೆ ಮಮದಾಪುರದ ಕೆರೆಯೂ ವಿಜಯಪುರ ನಗರದ ಸುತ್ತಲಿನ ಕೆರೆಗಳೂ ಬೇಸಿಗೆಯಲ್ಲಿ ನೀರು ಕಾಣತೊಡಗಿದವು. ಕಾಲುವೆ ನೀರಿನ ಜೊತೆ ನದಿಯ ಮೀನಿನ ತತ್ತಿಯೂ ಮರಿಯೂ ಬಂದವು; ಯಾರೂ ಬಿತ್ತದ ಮೀನು ಕೆರೆಯಲ್ಲಿ ಸಿಕ್ಕಿತೆಂದು ಅಚ್ಚರಿಪಡಬೇಕಾಗಿಲ್ಲ.

ಇನ್ನೊಂದು ಬದಲಾವಣೆ ಹೊಲದೊಳಗೇ ಆಯಿತು. 2014ರಲ್ಲಿ ಆರಂಭವಾದ ರಾಜ್ಯದ ಕೃಷಿಭಾಗ್ಯ ಯೋಜನೆಯಲ್ಲಿ ಸಾವಿರಾರು ಹೊಂಡಗಳು ತೆಗೆಯಲ್ಪಟ್ಟವು. ದ್ರಾಕ್ಷಿ ಬೆಳೆಗಾರರು ಅದಕ್ಕೂ ಮೊದಲೇ ತಮ್ಮ ಖರ್ಚಿನಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಹಾಸಿದ ದೊಡ್ಡ ಹೊಂಡಗಳನ್ನು ಮಾಡಿಕೊಂಡಿದ್ದರು. ತಿಕೋಟಾ ಕಡೆ ಎತ್ತರದ ಜಾಗದಲ್ಲಿ ನಿಂತು ನೋಡಿದರೆ ದ್ರಾಕ್ಷಿ ಪಡದ ನಡುವೆ ಚೌಕ ಚೌಕವಾಗಿ ಇವು ಹೊಳೆಯುತ್ತವೆ. ಇವನ್ನು ಕಟ್ಟಿದ್ದು ಬಳ್ಳಿಗಾಗಿ. ಮೀನು ಆಮೇಲಿನ ಯೋಚನೆ. ಇಲ್ಲಿಯ ಮೀನಿನ ಅರ್ಧ ತೊಂದರೆಗೆ ಕಾರಣ ಇದೇ.

ಡೋಣಿ ನದಿಯ ಮಾತು ಬೇರೆ. ಸಾಂಗಲಿ ಜಿಲ್ಲೆಯ ಜತ್ತ ಸೀಮೆಯಲ್ಲಿ ಹುಟ್ಟಿ, ಜಿಲ್ಲೆಯ ನಡುವೆ ಹರಿದು, ತಾಳಿಕೋಟೆಯ ಕಡೆ ಸಾಗಿ ಕೃಷ್ಣೆಯನ್ನು ಸೇರುವ ಈ ನದಿಯ ನೀರು ಸವಳು. ಡೋಣಿ ಸಾಲಿನ ಜೋಳಕ್ಕಿರುವ ಹೆಸರು ಡೋಣಿಯ ಮೀನಿಗಿಲ್ಲ. ಗೆಂಡೆ ಜಾತಿಯವು ಸ್ವಲ್ಪ ಉಪ್ಪನ್ನು ತಾಳುತ್ತವೆ, ಜಿಲೇಬಿ ಮೀನು (ತಿಲಾಪಿಯ) ಇನ್ನೂ ಹೆಚ್ಚು ತಾಳುತ್ತದೆ. ಬೇಸಿಗೆಯ ಮಡುವಿನಲ್ಲಿ ಉಪ್ಪು ಗಟ್ಟಿಯಾದಾಗ ಉಳಿಯುವುದು ಅದೇ.

ಮರಳ: ಈ ನೀರಿನ ಬೇಟೆಗಾರ

ಅಮೆರಿಕದವರು ಸಿಹಿನೀರಿನ ಗಾಳದ ಆಟವೆಂದರೆ ಬಾಸ್ ಮೀನನ್ನೇ ನೆನೆಯುತ್ತಾರೆ. ಅಲ್ಲಿಂದ ಅದನ್ನು ಉಷ್ಣವಲಯದ ದ್ವೀಪಗಳಿಗೂ ಒಯ್ದರು. ಹವಾಯಿಗೆ ದೊಡ್ಡಬಾಯಿಯ ಬಾಸ್ 19ನೆಯ ಶತಮಾನದ ಕೊನೆಗೆ ಹೋಯಿತು. ದಕ್ಷಿಣ ಅಮೆರಿಕದ ನವಿಲು ಬಾಸ್ 1957ರಲ್ಲಿ ಅಲ್ಲಿಗೂ, 1960ರ ದಶಕದಲ್ಲಿ ಪೋರ್ಟೊರಿಕೊಗೂ ಹೋಯಿತು. ಪನಾಮದ ಗಾಟುನ್ ಸರೋವರಕ್ಕೆ ಅದೇ ದಶಕದಲ್ಲಿ ನುಗ್ಗಿದ ನವಿಲು ಬಾಸ್ ಅಲ್ಲಿಯ ಸಣ್ಣ ಮೀನುಗಳನ್ನು ಹೇಗೆ ತಿಂದು ತೀರಿಸಿತೆಂಬುದು 1973ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನ.  

ನಮ್ಮಲ್ಲಿ ಆ ಬಾಸ್ ಇಲ್ಲ. ಅದರ ಜಾಗದಲ್ಲಿರುವುದು ಮರಳ. ದಕ್ಷಿಣ ಕರ್ನಾಟಕದವರು ಕೊರವ, ಕುಚ್ಚು ಎನ್ನುವ, ಮೀನುಗಾರಿಕೆ ಇಲಾಖೆಯ ಕಾಗದಗಳಲ್ಲಿ ಮುರ್ರೆಲ್ ಎಂದಿರುವ ಮೀನಿಗೆ ಮರಾಠಿ ನೆರೆಯ ಈ ಸೀಮೆಯಲ್ಲಿ ಹೆಸರು ಇದು. ಸಾಮಾನ್ಯವಾಗಿ ಸಿಗುವುದು ಚನ್ನಾ ಸ್ಟ್ರಯೇಟಾ. ಹಿನ್ನೀರಿನಲ್ಲಿ ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಚನ್ನಾ ಮರೂಲಿಯಸ್. ಹಾವಿನ ತಲೆ, ಉರುಳೆಯಂಥ ಮೈ, ಅಗಲ ಬಾಯಿ. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಉಸಿರಾಡುವ ಪೊಟರೆ ಇರುವುದರಿಂದ ಸಂತೆಯಲ್ಲಿ ಬುಟ್ಟಿಯೊಳಗೆ ಒದ್ದೆ ಗೋಣಿ ಹೊದಿಸಿಟ್ಟರೂ ತಾಸುಗಟ್ಟಲೆ ಬದುಕಿರುತ್ತದೆ. ಜೀವಂತ ಮೀನಿಗೆ ಬೆಲೆ ಜಾಸ್ತಿ, ಆದ್ದರಿಂದ ಮರಳಕ್ಕೆ ಸದಾ ಗಿರಾಕಿ. ಮಿರಗದ (ಮೃಗಶಿರದ) ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಕೊಡುವ ಹೆಸರಾದ ಮೀನಿನ ಮದ್ದಿನಲ್ಲಿ ಜೀವಂತ ನುಂಗಿಸುವುದೂ ಈ ಮೀನಿನ ಮರಿಯನ್ನೇ. ಮದ್ದಿನ ಗುಣದ ಬಗ್ಗೆ ವೈದ್ಯರು ಒಪ್ಪುವುದಿಲ್ಲ. ಮೀನು ಗಟ್ಟಿ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಮರಳದ ಬೇಟೆ ತಿಳಿದವರು ನೀರನ್ನು ನೋಡುತ್ತ ನಿಲ್ಲುತ್ತಾರೆ. ಮಳೆ ಬಿದ್ದು ಕೆರೆಯ ಅಂಚಿನ ಜೊಂಡಿನಲ್ಲಿ ಹೊಸ ನೀರು ಸೇರಿದಾಗ ಜೋಡಿ ಮರಳ ಕಳೆಯನ್ನು ಸರಿಸಿ ಬಟ್ಟಲಿನಷ್ಟು ಜಾಗ ಮಾಡಿ ತತ್ತಿ ಇಡುತ್ತವೆ. ತತ್ತಿ ತೇಲುತ್ತವೆ. ಮರಿಗಳು ಒಡೆದು ಹೊರಬಂದ ಮೇಲೆ ಕೆಲವು ವಾರ ಕೇಸರಿ ಬಣ್ಣದ ಒಂದು ಮುದ್ದೆಯಾಗಿ ಓಡಾಡುತ್ತವೆ. ಗಾಳಿ ಕುಡಿಯಲು ಎಲ್ಲವೂ ಒಟ್ಟಿಗೆ ಮೇಲೆ ಬಂದಾಗ ಅಷ್ಟು ಜಾಗದ ನೀರು ಮಳೆಹನಿ ಬಿದ್ದಂತೆ ಚಿಟಪಟಿಸುತ್ತದೆ. ಅವುಗಳ ಕೆಳಗೇ ತಾಯಿಯೋ ತಂದೆಯೋ ಕಾವಲಿರುತ್ತದೆ. ಆ ಮುದ್ದೆಯ ಮೇಲೆ ಸಣ್ಣ ಕಪ್ಪೆ ಕಟ್ಟಿದ ಗಾಳ ಎಳೆದರೆ ಹಸಿವಿಲ್ಲದಿದ್ದರೂ ಕಾವಲಿನ ಮೀನು ಸಿಟ್ಟಿನಿಂದ ಹಾರಿ ಹಿಡಿಯುತ್ತದೆ. ಇದು ಅತಿ ಸುಲಭದ ಬೇಟೆ, ಅತಿ ಕೆಟ್ಟದ್ದೂ ಹೌದು. ಕಾವಲು ಹೋದ ಮರಿಗಳನ್ನು ಜಿಲೇಬಿಯೂ ಹಕ್ಕಿಯೂ ಒಂದೆರಡು ದಿನದಲ್ಲಿ ಮುಗಿಸುತ್ತವೆ. ಬಾಸ್ ಮೀನಿನ ಗಂಡು ಕೂಡ ಹೀಗೆಯೇ ಗೂಡು ಕಾಯುತ್ತದೆ. ಗೂಡಿನ ಕಾಲದಲ್ಲಿ ಅದನ್ನು ಹಿಡಿಯಬಾರದೆಂದು ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಟ್ಟಳೆಯೇ ಇದೆ. ಮರಳಕ್ಕೂ ಅದು ಬೇಕಿತ್ತು.

ಮರಳ ಬಿಟ್ಟರೆ ಹಿನ್ನೀರಿನಲ್ಲಿ ದೊಡ್ಡ ಬಾಯಿಯ ಬಾಳೆಮೀನು, ಮೀಸೆಯ ಗಿರ್ಲು, ಚಪ್ಪಟೆ ಚಮರಿಮೀನು ಸಿಗುತ್ತವೆ. ದಖ್ಖನಿನ ನದಿಗಳ ಮೀನುಗಳನ್ನು ಶಾಸ್ತ್ರೀಯವಾಗಿ ಮೊದಲು ಬರೆದಿಟ್ಟವನು ಕರ್ನಲ್ ವಿಲಿಯಂ ಸೈಕ್ಸ್. ಭೀಮೆಯ ಮೇಲ್ಭಾಗದ ನೀರಿನಲ್ಲಿ ಹಿಡಿದ ಮೀನುಗಳಿಗೆ ಅಲ್ಲಿಯ ಬೆಸ್ತರ ಬಾಯಲ್ಲಿದ್ದ ಖುಡ್ರಿ, ಕೋಲಸ್ ಎಂಬ ಹೆಸರುಗಳನ್ನೇ ಲ್ಯಾಟಿನ್ ಮಾಡಿ 1839ರಲ್ಲಿ ಸೇರಿಸಿದ. ಅವನ ಖುಡ್ರಿಯೇ ದಖ್ಖನಿನ ಮಹಶೀರ. ಗಾಳದ ಆಟಗಾರರ ಮಹಾಮೀನು ಅದು. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ಬಗ್ಗೆ ಪುಸ್ತಕವನ್ನೇ ಬರೆದ. ಹರಿವ, ತಂಪು ನೀರು ಬೇಡುವ ಮಹಶೀರಕ್ಕೆ ವಿಜಯಪುರದ ನಿಂತ ಕೆರೆಗಳಲ್ಲಿ ಜಾಗವಿಲ್ಲ.

ಹಿಡಿಯುವವರು, ಸಾಕುವವರು

ಕೃಷ್ಣಾ–ಭೀಮಾ ದಂಡೆಯ ಅಂಬಿಗರು, ಕೋಲಿಗಳು, ಗಂಗಾಮತಸ್ಥರು ವಂಶಪಾರಂಪರ್ಯದ ಮೀನುಗಾರರು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ದೋಣಿ ನಡೆಸುವ ಅಂಬಿಗನಾಗಿದ್ದವನು. ಹರಿಗೋಲು, ಬೀಸುಬಲೆ, ಕಂತುಬಲೆ ಅವರ ಸಾಮಾನು. ಈಗ ಕೆರೆಗಳನ್ನು ಇಲಾಖೆ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡುತ್ತದೆ, ಸಂಘದವರು ಮರಿ ಬಿತ್ತಿ ವರ್ಷದ ಕೊನೆಗೆ ಎಳೆಬಲೆ ಹಾಕುತ್ತಾರೆ. ಗಾಳ ಹಾಕಿ ಕೂರುವವರು ಬಹುಮಟ್ಟಿಗೆ ಊರ ಹುಡುಗರು. ಎರೆಹುಳು, ಗೋಧಿಹಿಟ್ಟಿನ ಉಂಡೆ ಅವರ ಬಂಡವಾಳ.

ಬಿತ್ತುವ ಮೀನು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಮೃಗಾಲ್ ತಳದ್ದು. ಈ ಮೂರು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡವು. ಒರಿಸ್ಸಾದ ಅಂಗುಲದಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಮತ್ತು ಅವರ ಜೊತೆಗಾರರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ತತ್ತಿ ಇಡಿಸಿದ ಮೇಲೆಯೇ ನದಿಯಿಲ್ಲದ ಊರಿಗೂ ಮರಿ ಸಿಗುವಂತಾಯಿತು. ಆ ದಿನವನ್ನೇ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಜಿಲೇಬಿ ಎಂದು ಕರೆಯುವ ತಿಲಾಪಿಯ ಆಫ್ರಿಕದ ಮೀನು. 1930ರ ದಶಕದ ಕೊನೆಗೆ ಜಾವಾ ದ್ವೀಪದ ನೀರಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಏಷ್ಯಾ ತುಂಬ ಹಬ್ಬಿ, 1952ರಲ್ಲಿ ಭಾರತಕ್ಕೆ ಬಂತು. ಏಳು ವರ್ಷದಲ್ಲೇ, 1959ರಲ್ಲಿ, ಅದನ್ನು ಹೊಸ ನೀರಿಗೆ ಬಿಡಬಾರದೆಂದು ತಜ್ಞರ ಸಮಿತಿ ಹೇಳಿತು. ಹೇಳಿದ್ದನ್ನು ಮೀನು ಕೇಳಲಿಲ್ಲ. ಮರಿಯನ್ನು ಬಾಯಲ್ಲೇ ಇಟ್ಟುಕೊಂಡು ಸಾಕುವ, ಮೂರು ನಾಲ್ಕು ತಿಂಗಳಿಗೇ ಮತ್ತೆ ಮರಿಮಾಡುವ ಈ ಮೀನು ಕಾಲುವೆ ಹಿಡಿದು ಎಲ್ಲ ಕಡೆ ಹೋಗಿದೆ. ಸುಧಾರಿತ ಗಿಫ್ಟ್ ತಳಿಯನ್ನು ಅನುಮತಿ ಪಡೆದು ಸಾಕಬಹುದು. ಅದರ ಜೊತೆ ಪಂಗಾಸ್ ಎಂಬ ಮೀನು ಕೂಡ ಹೊಂಡಗಳಿಗೆ ಬಂದಿದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ. ಕೋಳಿ ಅಂಗಡಿಯ ಕಸ ತಿನ್ನಿಸಿ ಗುಟ್ಟಾಗಿ ಸಾಕುವುದು ರಾಜ್ಯದ ಹಲವು ಕಡೆ ಸಿಕ್ಕಿಬಿದ್ದಿದೆ. ಇಲ್ಲಿಯದೇ ಕ್ಯಾಟ್‌ಫಿಶ್ ಆದ ನಾಡಮುರುಗೋಡಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಸೊಳ್ಳೆ ಮರಿ ತಿನ್ನಲೆಂದು ಬಾವಿ, ಹೊಂಡಗಳಿಗೆ ಆರೋಗ್ಯ ಇಲಾಖೆಯವರು ಬಿಡುವ ಗಂಬೂಸಿಯಾ, ಗಪ್ಪಿ ಮೀನುಗಳೂ ಹೊರಗಿನವೇ.

ಆರೋಗ್ಯ: ಮೊದಲು ನೀರು, ಆಮೇಲೆ ರೋಗಾಣು

ಮೀನು ಸಾಕುವ ಕೈಪಿಡಿಗಳು ಹೆಚ್ಚಾಗಿ ಬಂಗಾಳ, ಆಂಧ್ರ, ಕೇರಳದ ಅನುಭವದಿಂದ ಹುಟ್ಟಿದವು. ಕೇರಳದಂಥ ಕಡೆಯ ಹುಳಿ ಮಣ್ಣು, ಮೆದು ನೀರು ಇಲ್ಲಿಲ್ಲ. ಎರೆ ನೆಲದ ನೀರು ಗಡಸು, ಕ್ಷಾರ. ಪಿಎಚ್ 8ರ ಮೇಲೆಯೇ ಇರುವುದು ಸಾಮಾನ್ಯ, ಪಾಚಿ ತುಂಬಿದ ಹೊಂಡದಲ್ಲಿ ಮಧ್ಯಾಹ್ನಕ್ಕೆ 9 ಮುಟ್ಟಬಹುದು. ಈ ಒಂದು ಸಂಗತಿ ಇಲ್ಲಿಯ ಮೀನಿನ ವೈದ್ಯವನ್ನೇ ತಿರುವುತ್ತದೆ.

ಕಾರಣ ಅಮೋನಿಯ. ಮೀನಿನ ಹೇಲು, ಉಳಿದ ಮೇವು ಕೊಳೆತರೆ ಅಮೋನಿಯ ಬರುತ್ತದೆ. ಅದಕ್ಕೆ ಎರಡು ರೂಪ: ಒಂದು ಹೆಚ್ಚು ಕೆಡುಕಿಲ್ಲದ್ದು, ಇನ್ನೊಂದು ಕಿವಿರನ್ನು ಸುಡುವ ವಿಷ. ಯಾವುದು ಎಷ್ಟೆಂಬುದನ್ನು ಪಿಎಚ್ ಮತ್ತು ಬಿಸಿ ನಿರ್ಧರಿಸುತ್ತವೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪ ಶೇ 1ಕ್ಕಿಂತ ಕಡಿಮೆ; 8 ಇದ್ದರೆ ಶೇ 7ರ ಆಸುಪಾಸು; 9ಕ್ಕೆ ಏರಿದರೆ ಶೇ 45ರ ಹತ್ತಿರ. ಅಂದರೆ ಕೇರಳದ ಕೊಳದಲ್ಲಿ ಮೀನಿಗೆ ಏನೂ ಮಾಡದಷ್ಟು ಕೊಳಕು ತಿಕೋಟಾದ ಹೊಂಡದಲ್ಲಿ ಮೇ ಮಧ್ಯಾಹ್ನ ಮೀನನ್ನು ಕೊಲ್ಲಬಲ್ಲದು. ಕೈಪಿಡಿ ನೋಡಿ ಕಾಯಿಲೆ ಬಂದ ಕೂಡಲೆ ಸುಣ್ಣ ಸುರಿಯುವವರು ಪಿಎಚ್ ಇನ್ನೂ ಏರಿಸಿ ವಿಷಕ್ಕೆ ಕೈ ಜೋಡಿಸಿದಂತಾಗುತ್ತದೆ. ಇಲ್ಲಿ ಸುಣ್ಣಕ್ಕಿಂತ ಮೊದಲು ಪಿಎಚ್ ಪಟ್ಟಿ ಕೊಳ್ಳಬೇಕು. ಅಂಗಡಿಯಲ್ಲಿ ಅದು ಸುಣ್ಣದ ಚೀಲಕ್ಕಿಂತ ಅಗ್ಗ.

ಆಮ್ಲಜನಕದ ಲೆಕ್ಕವೂ ಹೀಗೆಯೇ ಬಿಸಿಲಿನ ವಿರುದ್ಧ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35ರಲ್ಲಿ 7ಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರಿರುತ್ತದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನೇ ಕಬಳಿಸುತ್ತದೆ. ಹಸಿರು ದಟ್ಟವಾದ ಹೊಂಡದಲ್ಲಿ ಬೆಳಗಿನ ನಾಲ್ಕೈದು ಗಂಟೆಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ದ್ರಾಕ್ಷಿ ಹೊಂಡಕ್ಕೆ ಇದರ ಮೇಲೊಂದು ತನ್ನದೇ ಕಷ್ಟ. ಏಪ್ರಿಲ್ ಚಾಟಣಿಯ (ಬಳ್ಳಿ ಕತ್ತರಿಸುವ ಕೆಲಸದ) ನಂತರ ಬಳ್ಳಿಗೆ ಹೊಸ ಚಿಗುರು ಬರಿಸಲು ನೀರು ಬೇಕು. ಬಿಸಿಲಿನ ಶಿಖರದಲ್ಲೇ ಹೊಂಡ ಬರಿದಾಗುತ್ತದೆ. ಹತ್ತಡಿ ನೀರಿಗೆ ಬಿತ್ತಿದ ಮೀನು ಮೂರಡಿ ನೀರಿನಲ್ಲಿ ಒತ್ತೊತ್ತಾಗುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೊಳೆಯನ್ನು ಕರಗಿಸಿಕೊಳ್ಳುವ ಮಣ್ಣಿಲ್ಲ, ಮೃಗಾಲ್‌ಗೆ ಕೆದಕಲು ತಳವಿಲ್ಲ. ಅಕ್ಟೋಬರ್ ಚಾಟಣಿಯ ನಂತರ ಔಷಧಿ ಹೊಡೆತದ ಕಾಲ. ಬೋರ್ಡೋ ದ್ರಾವಣದ ತಾಮ್ರ ಗಡಸು ನೀರಿನಲ್ಲಿ ಬಹುಮಟ್ಟಿಗೆ ಕೆಳಗೆ ಕೂರುತ್ತದೆ; ಗಡಸುತನ ಇಲ್ಲಿ ಉಪಕಾರ ಮಾಡುವ ಅಪರೂಪದ ಸಂದರ್ಭ ಇದು. ಪೈರೆಥ್ರಾಯ್ಡ್ ಕೀಟನಾಶಕಗಳಿಗೆ ಆ ತಡೆಯಿಲ್ಲ, ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮೀನಿಗೆ ಸಾಕು. ಗಾಳಿಗೆ ಹಾರಿ ಬಂದದ್ದಕ್ಕಿಂತ, ಸಂಜೆ ಪಂಪಿನ ಟ್ಯಾಂಕನ್ನು ಹೊಂಡದ ದಂಡೆಯಲ್ಲಿ ತೊಳೆದದ್ದರಿಂದ ಆಗುವ ಹಾನಿ ದೊಡ್ಡದು.

ಸತ್ತ ಮೀನು ತೇಲಿದಾಗ ಕಾರಣ ಹುಡುಕಲು ಪ್ರಯೋಗಾಲಯದ ಮೊದಲು ಕಣ್ಣೇ ಸಾಕಷ್ಟು ಹೇಳುತ್ತದೆ. ಬೆಳಿಗ್ಗೆ ದೊಡ್ಡ ಕಾಟ್ಲಾಗಳಷ್ಟೇ ಬಾಯಿ ತೆರೆದು ಸತ್ತಿದ್ದು, ಮರಳವೂ ಪಂಗಾಸೂ ಆರಾಮಾಗಿದ್ದರೆ ಅದು ಆಮ್ಲಜನಕದ ಕೊರತೆ. ಹಗಲಿನಲ್ಲಿ ಇದ್ದಕ್ಕಿದ್ದಂತೆ ಸಣ್ಣದು ದೊಡ್ಡದು ಎನ್ನದೆ, ಕಪ್ಪೆಮರಿ, ನೀರಹುಳುಗಳನ್ನೂ ಬಿಡದೆ ಸತ್ತಿದ್ದರೆ ವಿಷವನ್ನು ಸಂಶಯಿಸಬೇಕು. ದಿನಕ್ಕೆ ನಾಲ್ಕು, ಎಂಟು, ಹನ್ನೆರಡು ಎಂದು ಏರುತ್ತ, ಒಂದೇ ಜಾತಿಯವು ಮೈಮೇಲೆ ಗಾಯ ಹೊತ್ತು ಸಾಯುತ್ತಿದ್ದರೆ ಆಗ ರೋಗ. ಕಿವಿರಿನ ಮುಚ್ಚಳ ಎತ್ತಿ ನೋಡುವುದನ್ನು ಪ್ರತಿಯೊಬ್ಬ ಸಾಕಣೆಗಾರ ಕಲಿಯಬೇಕು: ಆರೋಗ್ಯದ ಕಿವಿರು ಅಚ್ಚಕೆಂಪು, ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿ; ಬಿಳಿಚಿದ್ದರೆ ರಕ್ತಹೀನತೆ ಅಥವಾ ಪರೋಪಜೀವಿ; ಕಂದು ಬಣ್ಣವಿದ್ದರೆ ನೀರಿನಲ್ಲಿ ನೈಟ್ರೈಟ್ ಏರಿದೆ ಎಂದು ಅರ್ಥ; ಲೋಳೆ ಮೆತ್ತಿಕೊಂಡು ತುದಿ ಕೊಳೆತಿದ್ದರೆ ಬ್ಯಾಕ್ಟೀರಿಯ.

ವರ್ಷದ ಸುತ್ತು ಮತ್ತು ರೋಗಗಳು

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತು ಇಲ್ಲಿಯ ನೀರು ವರ್ಷದಲ್ಲೇ ಬಹಳ ತಣ್ಣಗಿರುವ ಕಾಲ. ಮರಳಕ್ಕೆ ಅದೇ ಅಪಾಯದ ಕಾಲ. ಮೈಮೇಲೆ ಕೆಂಪು ಚುಕ್ಕೆ ಎದ್ದು, ಒಡೆದು, ಮಾಂಸ ತಿನ್ನುತ್ತ ಮೂಳೆ ಕಾಣುವವರೆಗೆ ಹೋಗುವ ಹುಣ್ಣುರೋಗಕ್ಕೆ ಕಾರಣ ಅಫನೊಮೈಸಿಸ್ ಇನ್ವೇಡಾನ್ಸ್ ಎಂಬ ಬೂಷ್ಟಿನಂಥ ಜೀವಿ. ಜಪಾನಿನಲ್ಲಿ 1971ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1972ರಲ್ಲಿ ಕಂಡ ಇದು ಆಗ್ನೇಯ ಏಷ್ಯದ ಮೂಲಕ 1988ರಲ್ಲಿ ಭಾರತದ ಈಶಾನ್ಯಕ್ಕೆ ಬಂದು, 1990ರ ದಶಕದ ಆರಂಭದಲ್ಲಿ ಕರ್ನಾಟಕವನ್ನು ಮುಟ್ಟಿತು. ಮರಳ ಇದಕ್ಕೆ ಮೊದಲ ಬಲಿ. ಗೆಂಡೆಗಳಲ್ಲಿ ಮೃಗಾಲ್, ರೋಹು, ಕಾಟ್ಲಾಗಳಿಗೂ ತಗಲುತ್ತದೆ. ಜಿಲೇಬಿಗೂ ಸಾಮಾನ್ಯ ಗೆಂಡೆಗೂ ಬಹುಮಟ್ಟಿಗೆ ತಾಕದು. ಮೀನು ತಿಂದವರಿಗೆ ಈ ರೋಗ ಅಂಟುವುದಿಲ್ಲ. ಆದರೆ ಹುಣ್ಣಿನ ಮೀನು ಸಂತೆಯಲ್ಲಿ ಕಂಡರೆ ಒಳ್ಳೆಯ ಮೀನನ್ನೂ ಯಾರೂ ಕೊಳ್ಳುವುದಿಲ್ಲ. ಸಾಕಣೆಗಾರರ ನಿಜವಾದ ನಷ್ಟ ಅಲ್ಲಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದಕ್ಕಾಗಿ ಸಿಫ್ಯಾಕ್ಸ್ ಎಂಬ ಮದ್ದು ತಯಾರಿಸಿತು. ಹುಳಿ ನೀರಿನ ಕೊಳಗಳಲ್ಲಿ ಚಳಿಗೆ ಮುಂಚೆ ಸುಣ್ಣ ಹಾಕುವುದೂ ಕೆಲಸ ಮಾಡುತ್ತದೆ. ನಮ್ಮ ಕ್ಷಾರ ನೀರಿಗೆ ಆ ಸುಣ್ಣ ಬೇಕೇ ಎಂಬುದನ್ನು ಮೇಲೆ ಹೇಳಿದ ಪಿಎಚ್ ಪಟ್ಟಿಯೇ ಹೇಳಬೇಕು. ಇದೇ ಚಳಿಯಲ್ಲಿ ಪಂಗಾಸ್ ಮೇವು ಬಿಟ್ಟು ತಳದಲ್ಲಿ ಕೂರುತ್ತದೆ, ಅದು ರೋಗವಲ್ಲ. ಮೇವು ಕಡಿಮೆ ಮಾಡಿ ಸುಮ್ಮನಿದ್ದರೆ ಸಾಕು.

ಬೇಸಿಗೆಯದು ಮೀನುಹೇನಿನ ಕಾಲ. ಆರ್ಗ್ಯುಲಸ್ ಎಂಬ, ಉದ್ದಿನ ಕಾಳಿನಷ್ಟಿರುವ ಚಪ್ಪಟೆ ಪ್ರಾಣಿ ರೋಹುವಿನ ಹುರುಪೆಯ ನಡುವೆ ಎರಡು ಬಟ್ಟಲು ಊರಿ ಕೂತು ರಕ್ತ ಹೀರುತ್ತದೆ. ಮೀನು ಮೈ ಉಜ್ಜುತ್ತ ನೀರಿನಿಂದ ಜಿಗಿಯುತ್ತದೆ. ಕಚ್ಚಿದ ಜಾಗದಲ್ಲಿ ಬ್ಯಾಕ್ಟೀರಿಯ ಸೇರಿಕೊಳ್ಳುತ್ತದೆ. ಹೇನು ತತ್ತಿ ಇಡುವುದು ಮೀನಿನ ಮೇಲಲ್ಲ, ನೀರಿನೊಳಗಿನ ಕಲ್ಲು ಕಟ್ಟಿಗೆಯ ಮೇಲೆ. ಆದ್ದರಿಂದ ಹೊಂಡದಲ್ಲಿ ಬಿದಿರಿನ ಗಳುಗಳನ್ನು ನೆಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿದರೆ ತತ್ತಿ ಸಾಯುತ್ತವೆ. ಕೀಟನಾಶಕ ಸುರಿಯುವ ಅಡ್ಡದಾರಿಗಿಂತ ಇದು ನಿಧಾನ, ಆದರೆ ವಿಜಯಪುರದ ಬಿಸಿಲು ಪುಕ್ಕಟೆ.

ಏರೋಮೊನಾಸ್ ಹೈಡ್ರೊಫಿಲಾ ಎಂಬ ಬ್ಯಾಕ್ಟೀರಿಯ ಯಾವ ಕೆರೆಯಲ್ಲೂ ಇದ್ದೇ ಇರುತ್ತದೆ. ಒತ್ತಡಕ್ಕೆ ಸಿಕ್ಕ ಮೀನಿನಲ್ಲಿ ಅದು ಬಾಲ ಕೊಳೆಸುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಸಿ ಹುರುಪೆಗಳನ್ನು ನಿಗುರಿಸುತ್ತದೆ. ಬಲೆ ಹಾಕಿ ಕೈಯಲ್ಲಿ ಹಿಡಿದು ಲೋಳೆ ಸುಲಿದ ಮೀನಿಗೆ ಇದು ಬೇಗ ಬರುತ್ತದೆ. ಮರಿ ಬಿಡುವ ಮುನ್ನ ಲೀಟರಿಗೆ 20–30 ಗ್ರಾಂ ಉಪ್ಪಿನ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುವುದು ಹಳೆಯ, ಅಗ್ಗದ, ಇಂದಿಗೂ ಒಳ್ಳೆಯ ಉಪಾಯ. ಮೀನು ವಾಲಿದರೆ ಕೂಡಲೆ ಎತ್ತಬೇಕು. ಆಂಟಿಬಯೋಟಿಕ್ ಪುಡಿಯನ್ನು ಹೊಂಡಕ್ಕೆ ಚೆಲ್ಲುವುದು ಮಾತ್ರ ದುಡ್ಡನ್ನು ನೀರಿಗೆ ಸುರಿದಂತೆ, ಅಷ್ಟೇ ಅಲ್ಲ, ಅದೇ ನೀರು ಮುಂದೆ ದ್ರಾಕ್ಷಿಗೆ ಹರಿಯುತ್ತದೆ. ಜಿಲೇಬಿಯನ್ನು ಸಾಯಿಸುವ ವೈರಾಣುವೊಂದು 2009ರಿಂದ ಇಸ್ರೇಲಿನಲ್ಲಿ ಹಾನಿ ಮಾಡಿ, 2014ರಲ್ಲಿ ಗುರುತು ಸಿಕ್ಕು, 2018ರ ಹೊತ್ತಿಗೆ ಭಾರತದಲ್ಲೂ ವರದಿಯಾಗಿದೆ. ಅದಕ್ಕೆ ಮದ್ದಿಲ್ಲ; ಮರಿಯ ಮೂಲ ನೋಡಿ ಕೊಳ್ಳುವುದಷ್ಟೇ ದಾರಿ.

ಮಿರಗದ ಮೊದಲ ಜೋರು ಮಳೆ ಇನ್ನೊಂದು ಗಂಡಾಂತರ. ತಿಂಗಳುಗಟ್ಟಲೆ ನೆಲದ ಮೇಲೆ ಕೂತ ಗೊಬ್ಬರ, ಔಷಧಿ, ಕಸವನ್ನು ಆ ಒಂದು ಮಳೆ ಕೆರೆಗೆ ತಳ್ಳುತ್ತದೆ. ತಣ್ಣನೆ ಮಳೆನೀರು ಇಳಿದು ತಳದ ಕೊಳೆನೀರನ್ನು ಮೇಲಕ್ಕೆ ತಿರುವುತ್ತದೆ. ಬೇಸಿಗೆಯಿಡೀ ಬದುಕಿ ಉಳಿದ ಮೀನು ಮಳೆ ಬಂದ ಮರುದಿನ ತೇಲುವುದು ಹೀಗೆ. ನದಿಯಲ್ಲೂ ಇಂಥದೇ ಕತೆ: ಮೇಲ್ಭಾಗದಲ್ಲಿ ಸಾಂಗಲಿಯ ಬಳಿ ಕೃಷ್ಣೆಯಲ್ಲಿ ಮೀನು ರಾಶಿರಾಶಿಯಾಗಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ, 2023ರ ಮಾರ್ಚಿನಲ್ಲೂ ಬಂದಿತ್ತು. ಏತ ನೀರಾವರಿ ನೀರು ಎತ್ತುವುದು ಅದೇ ನದಿಯಿಂದ.

ಊರೊಳಗಿನ ಬಾವಡಿಗಳದು ಬೇರೆಯದೇ ಪಾಡು. ತಾಜ ಬಾವಡಿಗೆ ವರ್ಷಗಟ್ಟಲೆ ಗಣಪತಿ ವಿಸರ್ಜನೆಯ ಬಣ್ಣವೂ ಸುತ್ತಲಿನ ಕೊಳಚೆಯೂ ಇಳಿಯುತ್ತಿದ್ದವು; ಕಳೆದ ದಶಕದಲ್ಲಿ ನೀರು ಖಾಲಿ ಮಾಡಿ ಹೂಳೆತ್ತಿದರು. ಗಾಳಿ ಆಡದ, ಆಳದ, ಹರಿವಿಲ್ಲದ ಇಂಥ ನೀರಿನಲ್ಲಿ ಮೀನು ಬದುಕಿದ್ದರೂ ಅದನ್ನು ತಿನ್ನುವುದು ಬುದ್ಧಿವಂತಿಕೆಯಲ್ಲ.

ಪರೀಕ್ಷೆ ಮತ್ತು ಸಲಹೆ

ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಭೂತನಾಳದಲ್ಲೇ ಇದೆ. ಸಾಕಣೆಗಾರರು ಅಲ್ಲಿಗಾಗಲಿ ಮೀನುಗಾರಿಕೆ ಇಲಾಖೆಗಾಗಲಿ ಒಯ್ಯುವ ಮಾದರಿ ಬಹಳ ಸಲ ಕೆಲಸಕ್ಕೆ ಬಾರದ್ದು: ಹಿಂದಿನ ದಿನ ಸತ್ತು ಊದಿಕೊಂಡ ಮೀನು, ಪ್ಲಾಸ್ಟಿಕ್ ಚೀಲದಲ್ಲಿ. ಅಷ್ಟು ಕೊಳೆತ ಮೀನಿನಲ್ಲಿ ಯಾವ ಬ್ಯಾಕ್ಟೀರಿಯ ಮೊದಲಿನದು, ಯಾವುದು ಸತ್ತ ಮೇಲಿನದು ಎಂದು ಯಾರೂ ಹೇಳಲಾರರು. ಒಯ್ಯಬೇಕಾದದ್ದು ಕಾಯಿಲೆಯ ಲಕ್ಷಣವಿದ್ದೂ ಇನ್ನೂ ಉಸಿರಾಡುತ್ತಿರುವ ಎರಡು ಮೂರು ಮೀನು, ಹೊಂಡದ್ದೇ ನೀರಿನಲ್ಲಿ, ಆಮ್ಲಜನಕ ತುಂಬಿಸಿದ ಚೀಲದಲ್ಲಿ. ಅದಾಗದಿದ್ದರೆ ಆಗಷ್ಟೇ ಸತ್ತದ್ದನ್ನು ಮಂಜುಗಡ್ಡೆಯ ಮೇಲೆ, ಹೆಪ್ಪುಗಟ್ಟಿಸದೆ. ನೀರನ್ನು ಬೇರೆ ಶೀಸೆಯಲ್ಲಿ, ಬೆಳಗಿನ ಜಾವ ಒಮ್ಮೆ ಮತ್ತು ಮಧ್ಯಾಹ್ನ ಒಮ್ಮೆ ತುಂಬಬೇಕು, ಏಕೆಂದರೆ ಪಿಎಚ್ ಈ ಎರಡು ಹೊತ್ತಿನಲ್ಲಿ ಬೇರೆಬೇರೆ. ಜೊತೆಗೆ ಒಂದು ಚೀಟಿ: ಎಷ್ಟು ಮರಿ ಬಿಟ್ಟದ್ದು, ಯಾವಾಗ, ದಿನಕ್ಕೆ ಎಷ್ಟು ಮೇವು, ಎಷ್ಟು ಸತ್ತವು, ಹಿಂದಿನ ವಾರ ಪಡಕ್ಕೆ ಯಾವ ಔಷಧಿ ಹೊಡೆದದ್ದು, ಪಂಪನ್ನು ಎಲ್ಲಿ ತೊಳೆದದ್ದು.